2.20 ಎಕರೆ ಅಂದ್ರೆ ಎಷ್ಟು?

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಬ್ಬ ರೈತನ ಹೆಸರಿನಲ್ಲಿ ಎರಡು ಪಹಣಿ ಇವೆ. ಒಂದರಲ್ಲಿ ಕ್ಷೇತ್ರ 2.20, ಇನ್ನೊಂದರಲ್ಲಿ 1.30. ಒಟ್ಟು ಎಷ್ಟು?

ಕಂಪ್ಯೂಟರ್ ಕೊಡುವ ಉತ್ತರ 3.50. ಕಲಾದಗಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟ ನಮ್ಮ ಕಾಕಾ ಕೊಡುವ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ. ಕಾಕಾನ ಉತ್ತರವೇ ಸರಿ. ಪಹಣಿಯಲ್ಲಿ ಚುಕ್ಕಿಯ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ. ಅದು ಶಾಲೆಯಲ್ಲಿ ಕಲಿತ ದಶಮಾಂಶದ ಚುಕ್ಕಿ ಅಲ್ಲವೇ ಅಲ್ಲ. ದಶಮಾಂಶದಲ್ಲೇ ಬರೆಯಬೇಕು ಅಂದ್ರೆ ಆ ರೈತನ ಹೊಲ 4.25 ಎಕರೆ. ಅಂದರೆ ನಮ್ಮ ಕಂಪ್ಯೂಟರು ಒಂದೇ ಕೂಡಿಸುವ ಲೆಕ್ಕದಲ್ಲಿ ಮುಕ್ಕಾಲು ಎಕರೆ ನುಂಗಿ ಹಾಕಿತು.

ನಾನು ಈ ವಿಷಯ ಹೇಳಿದಾಗ ಕಾಕಾ ನಕ್ಕಿದ್ದು ಇನ್ನೂ ನೆನಪಿದೆ. "ಅಲ್ಲೋ ತಮ್ಮಾ, ಗುಂಟೆ ನಲ್ವತ್ತಾತು ಅಂದ್ರ ಎಕರೆ ಆಗತೈತಿ. ನಿಮ್ಮ ಮಷಿನ್ನಿಗೆ ಇಷ್ಟೂ ಹೇಳಿಕೊಟ್ಟಿಲ್ಲೇನ?"

ಹೇಳಿಕೊಟ್ಟಿರಲಿಲ್ಲ. ಕೋಟಿಗಟ್ಟಲೆ ಖರ್ಚಿನ ಒಂದು ಪ್ರಾಜೆಕ್ಟ್ ಮುಗ್ಗರಿಸಿದ್ದಕ್ಕೆ ಇದೂ ಒಂದು ಕಾರಣ. ಈ ಲೇಖನ ಅದರ ಬಗ್ಗೆಯೇ. ನೀವು ಬ್ಯಾಂಕಿನಲ್ಲಿರಿ, ಆಸ್ಪತ್ರೆಯಲ್ಲಿರಿ, ಸೂಪರ್ ಮಾರ್ಕೆಟ್ ಕಂಪನಿಯಲ್ಲಿರಿ, ನಿಮ್ಮ ಆಫೀಸಿನಲ್ಲೂ ಯಾರೋ ಒಬ್ಬರು "ಎಲ್ಲಾ ಡೇಟಾ ಒಂದೇ ಕಡೆ ತರೋಣ, ಡ್ಯಾಶ್‌ಬೋರ್ಡ್ ಮಾಡೋಣ" ಅಂತ ಹೊರಟಿರುತ್ತಾರೆ. ಆ ತಂಡದಲ್ಲಿ ನೀವೂ ಸಿಕ್ಕಿಕೊಳ್ಳುವ ದಿನ ದೂರವಿಲ್ಲ.

ಹಗೇವಿಗೆ ಹಸಿ ಜೋಳ

ಮೊದಲು ಐಟಿಯಲ್ಲಿ ಇಲ್ಲದವರಿಗೆ ಎರಡು ಮಾತು. ಒಂದು ಸಂಸ್ಥೆಯ ಬಿಲ್ಲು ಒಂದು ಸಾಫ್ಟ್‌ವೇರ್‌ನಲ್ಲಿ, ಸಾಲ ಇನ್ನೊಂದರಲ್ಲಿ, ಗ್ರಾಹಕರ ವಿಳಾಸ ಮತ್ತೊಂದರಲ್ಲಿ ಇರುತ್ತದೆ. ಅವನ್ನೆಲ್ಲ ದಿನಾ ರಾತ್ರಿ ಎತ್ತಿಕೊಂಡು ಬಂದು, ಒಂದೇ ಅಳತೆಗೆ ತಂದು, ವರ್ಷಗಟ್ಟಲೆಯ ಇತಿಹಾಸದ ಸಮೇತ ಜೋಡಿಸಿಡುವ ಉಗ್ರಾಣವೇ ಡೇಟಾ ವೇರ್‌ಹೌಸ್. ಅದರ ಮೇಲೆ ಕೂತು "ಈ ಸಲ ಹುನಗುಂದ ಕಡೆ ವಸೂಲಿ ಯಾಕೆ ಕಡಿಮೆ?" ಎಂದು ಕೇಳಿ ಉತ್ತರ ಪಡೆಯುವ ಕೆಲಸಕ್ಕೆ ಬಿಸಿನೆಸ್ ಇಂಟೆಲಿಜೆನ್ಸ್ ಅಂತ ದೊಡ್ಡ ಹೆಸರು. ಐಬಿಎಂನ ಹಾನ್ಸ್ ಪೀಟರ್ ಲೂನ್ 1958ರಲ್ಲೇ ಈ ಹೆಸರಿನ ಪ್ರಬಂಧ ಬರೆದಿದ್ದರು. ಹಾಗಾಗಿ ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ.

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗಿನ ಗುಂಡಿ, ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಸರಿಯಾಗಿ ಒಣಗದ ನಾಲ್ಕು ಚೀಲ ಜೋಳ ಹಾಕಿದರೆ ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಬರಗಾಲ ಬಂದು ತೆಗೆದಾಗಲೇ ಮುಗ್ಗಿದ ವಾಸನೆ. ಡೇಟಾ ವೇರ್‌ಹೌಸ್ ಕೆಡುವುದೂ ಹೀಗೇ. ಸರ್ವರ್ ಓಡುತ್ತಿರುತ್ತದೆ, ರಾತ್ರಿಯ ಜಾಬ್‌ಗಳೆಲ್ಲ ಹಸಿರು ಬಣ್ಣ ತೋರಿಸುತ್ತಿರುತ್ತವೆ, ಪರದೆಯ ಮೇಲಿನ ಗ್ರಾಫು ಚೆಂದ ಕಾಣುತ್ತಿರುತ್ತದೆ. ಒಳಗಿನ ಸಂಖ್ಯೆ ಮಾತ್ರ ಸುಳ್ಳು.

ಗಾರ್ಟ್ನರ್ ಎಂಬ ಸಂಶೋಧನಾ ಸಂಸ್ಥೆ 2005ರಲ್ಲಿ ಒಂದು ಅಂದಾಜು ಕೊಟ್ಟಿತ್ತು: 2007ರವರೆಗಿನ ಡೇಟಾ ವೇರ್‌ಹೌಸ್ ಪ್ರಾಜೆಕ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೋ ಪೂರಾ ಸೋಲುತ್ತವೆ, ಇಲ್ಲವೇ ಬಳಸುವವರ ಒಪ್ಪಿಗೆ ಅಷ್ಟಕ್ಕಷ್ಟೇ ಇರುತ್ತದೆ. ಆಮೇಲೆ ಹಡೂಪ್ ಬಂತು, ಕ್ಲೌಡ್ ಬಂತು, ಈಗ ಎಐ ಬಂದಿದೆ. ಎರಡನೇ ಬಗೆಯ ಸೋಲು, ಅಂದ್ರೆ ಪ್ರಾಜೆಕ್ಟ್ ಮುಗಿದಿದೆ, ಕೇಕ್ ಕಟ್ ಆಗಿದೆ, ಆದರೆ ಡ್ಯಾಶ್‌ಬೋರ್ಡ್ ಯಾರೂ ತೆರೆಯುತ್ತಿಲ್ಲ ಅನ್ನುವುದು, ಈಗಲೂ ನಾನು ಕಣ್ಣಾರೆ ಕಾಣುತ್ತಿರುವ ಸಂಗತಿ.

ಮೂರು ಪರದೆ, ಮೂರು ಸಂಖ್ಯೆ

ನಾನು ಹೇಳುತ್ತಿರುವ ಪ್ರಾಜೆಕ್ಟ್ ರೈತರಿಗೆ ಸಾಲ ಕೊಡುವ ಒಂದು ಸಂಸ್ಥೆಯದು. ಹೆಸರು ಬೇಡ. ನಾನು ಸೇರುವ ಹೊತ್ತಿಗೆ ಕೆಲಸ ಶುರುವಾಗಿ ಎಂಟು ತಿಂಗಳಾಗಿತ್ತು. ಮೊದಲ ನಾಲ್ಕು ತಿಂಗಳು ಯಾವ ಟೂಲ್ ಕೊಳ್ಳಬೇಕು ಅನ್ನುವ ಚರ್ಚೆಯಲ್ಲೇ ಹೋಗಿತ್ತಂತೆ. ಅದರ ಬಗ್ಗೆ ಇಲ್ಲಿ ಬರೆಯಲು ಏನೂ ಇಲ್ಲ. ಯಾವ ಟೂಲ್ ಆದರೂ ನಡೆಯುತ್ತಿತ್ತು.

ಡೆಮೊ ದಿನ ಬಂತು. ಉತ್ತರ ಕರ್ನಾಟಕದ ಹೊಣೆ ಹೊತ್ತ ಮ್ಯಾನೇಜರ್ ಒಬ್ಬರು, ಬಹಳ ವರ್ಷ ಶಾಖೆಗಳಲ್ಲಿ ಕೆಲಸ ಮಾಡಿದವರು, ಒಂದೇ ಪ್ರಶ್ನೆ ಕೇಳಿದರು. "ಬಾದಾಮಿ ಶಾಖೆಯಲ್ಲಿ ಎಷ್ಟು ರೈತರು ನಮ್ಮ ಹತ್ರ ಸಾಲ ತಗೊಂಡಿದಾರೆ?" ಸಾಲದ ಪುಟದಲ್ಲಿ ಒಂದು ಸಂಖ್ಯೆ, ವಸೂಲಿಯ ಪುಟದಲ್ಲಿ ಇನ್ನೊಂದು, ಗ್ರಾಹಕರ ಪುಟದಲ್ಲಿ ಮೂರನೆಯದು. ಅವರು ಏನೂ ಅನ್ನಲಿಲ್ಲ. ತಮ್ಮ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಶಾಖೆಯವರು ಕಳಿಸಿದ್ದ ಎಕ್ಸೆಲ್ ಫೈಲ್ ತೆರೆದು ನಾಲ್ಕನೇ ಸಂಖ್ಯೆ ಓದಿದರು. "ನಾನು ಇದನ್ನೇ ನಂಬ್ತೀನಿ, ಯಾಕಂದ್ರೆ ಇದನ್ನ ಮಾಡಿದವನ ಫೋನ್ ನಂಬರ್ ನನ್ನ ಹತ್ರ ಇದೆ" ಅಂದರು.

ಆ ಮಾತಿಗಿಂತ ದೊಡ್ಡ ಪಾಠ ನನಗೆ ಯಾವ ಸರ್ಟಿಫಿಕೇಶನ್ ಕೋರ್ಸಿನಲ್ಲೂ ಸಿಕ್ಕಿಲ್ಲ. ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಬೇಕು. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಗೊತ್ತಿರಬೇಕು. ನಮ್ಮ ಮೂರು ಪರದೆಗಳ ಹಿಂದೆ ಅಂಥ ಯಾರೂ ಇರಲಿಲ್ಲ.

ಮೂರು ಸಂಖ್ಯೆಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯೇ ಇದ್ದವು ಅನ್ನುವುದು ಇನ್ನೊಂದು ತಮಾಷೆ. ಒಂದರಲ್ಲಿ ಸಾಲದ ಖಾತೆಗಳನ್ನು ಎಣಿಸಿದ್ದರು. ಇನ್ನೊಂದರಲ್ಲಿ ಕಂತು ಬಾಕಿ ಇರುವವರನ್ನು ಮಾತ್ರ. ಮೂರನೆಯದರಲ್ಲಿ ಒಮ್ಮೆಯಾದರೂ ಬಾಗಿಲಿಗೆ ಬಂದವರನ್ನೆಲ್ಲ. "ರೈತ" ಅಂದರೆ ಯಾರು ಅಂತ ಎಂಟು ತಿಂಗಳಲ್ಲಿ ಒಂದು ಸಲವೂ ಒಂದು ಟೇಬಲ್ ಸುತ್ತ ಕೂತು ತೀರ್ಮಾನ ಆಗಿರಲಿಲ್ಲ.

ಇದು ಸುಲಭದ ಪ್ರಶ್ನೆ ಅಂದುಕೊಳ್ಳಬೇಡಿ. 2018ರಲ್ಲಿ ಕುಮಾರಸ್ವಾಮಿ ಅವರ ಸರ್ಕಾರ ಬೆಳೆ ಸಾಲ ಮನ್ನಾ ಘೋಷಿಸಿದಾಗ ಇಡೀ ರಾಜ್ಯಕ್ಕೆ ಇದೇ ಪ್ರಶ್ನೆ ಎದುರಾಗಿತ್ತು. ಮನ್ನಾದ ಮಿತಿ ಇದ್ದದ್ದು ಕುಟುಂಬಕ್ಕೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಕುಟುಂಬ ಅನ್ನುವ ಕಾಲಂ ಇಲ್ಲ, ಇರುವುದು ಖಾತೆ. ಭೂ ದಾಖಲೆಯಲ್ಲೂ ಕುಟುಂಬ ಇಲ್ಲ, ಇರುವುದು ಸರ್ವೆ ನಂಬರು ಮತ್ತು ಮಾಲೀಕರ ಹೆಸರು. ಹಾಗಾಗಿ ರೈತರಿಂದ ಆಧಾರ್, ರೇಷನ್ ಕಾರ್ಡ್ ಮತ್ತು ಸರ್ವೆ ನಂಬರ್ ಮೂರನ್ನೂ ಬರೆಸಿಕೊಂಡರು. ಆಧಾರ್ ವ್ಯಕ್ತಿಯನ್ನು ಗುರುತಿಸಿತು, ರೇಷನ್ ಕಾರ್ಡ್ ಕುಟುಂಬವನ್ನು, ಸರ್ವೆ ನಂಬರ್ ಹೊಲವನ್ನು. ಅಪ್ಪ ಮಗ ಇಬ್ಬರೂ ಬೇರೆ ಬೇರೆ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರೂ ರೇಷನ್ ಕಾರ್ಡ್ ಒಂದೇ ಆದರೆ ಕುಟುಂಬ ಒಂದೇ. ಆಗ ಊರಲ್ಲಿ ಝೆರಾಕ್ಸ್ ಅಂಗಡಿ ಮುಂದೆ ಪಾಳಿ ಹಚ್ಚಿ ನಿಂತ ಜನರಿಗೆ ಇದೆಲ್ಲ ಕಿರಿಕಿರಿ ಅನ್ನಿಸಿತ್ತು. ನನಗೆ ಈಗ ಅನ್ನಿಸುವುದು, ವ್ಯಾಖ್ಯೆ ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ಡೇಟಾ ಜೋಡಿಸಿದ ಒಳ್ಳೆಯ ಉದಾಹರಣೆ ಅದು. "ಕುಟುಂಬ ಅಂದ್ರೆ ಒಂದು ರೇಷನ್ ಕಾರ್ಡ್" ಅನ್ನುವ ಸಾಲನ್ನು ನೀವು ಒಪ್ಪದೇ ಇರಬಹುದು. ಆದರೆ ಅದನ್ನು ಓದಿ ಜಗಳ ಆಡಲು ಸಾಧ್ಯ. ನಮ್ಮ ಡ್ಯಾಶ್‌ಬೋರ್ಡಿನ ಜೊತೆ ಜಗಳ ಆಡಲೂ ಸಾಧ್ಯವಿರಲಿಲ್ಲ.

ಚುಕ್ಕಿಯ ಬಲಕ್ಕೆ 39

ಮತ್ತೆ ಎಕರೆ ವಿಷಯಕ್ಕೆ ಬರೋಣ. ಸಾಲದ ಮಿತಿ ಲೆಕ್ಕ ಹಾಕುವುದು ಬೆಳೆಗೆ ತಕ್ಕಂತೆ ಎಕರೆಗೆ ಇಷ್ಟು ಅಂತ. ಅಂದ್ರೆ ಕ್ಷೇತ್ರದ ಕಾಲಂ ತಪ್ಪಾದರೆ ಕೆಳಗಿನ ಎಲ್ಲಾ ವರದಿಯೂ ತಪ್ಪು. ನಮ್ಮ ಟೇಬಲ್‌ನಲ್ಲಿ ಆ ಕಾಲಂ ಸಂಖ್ಯೆಯ ರೂಪದಲ್ಲಿತ್ತು. 2.20 ಎಂದು ಬಂದದ್ದು ಒಳಗೆ ಹೋಗುತ್ತಲೇ ಕೊನೆಯ ಸೊನ್ನೆ ಉದುರಿ 2.2 ಆಗುತ್ತಿತ್ತು. ಈಗ ಹೇಳಿ, 2.2 ಅಂದ್ರೆ ಏನು? ಎರಡು ಎಕರೆ ಇಪ್ಪತ್ತು ಗುಂಟೆಯಾದರೆ ಅದು ಎರಡೂವರೆ ಎಕರೆ. ಯಾರೋ ಎರಡು ಎಕರೆ ಎರಡು ಗುಂಟೆಯನ್ನು ಅವಸರದಲ್ಲಿ 2.2 ಎಂದು ಹೊಡೆದಿದ್ದರೆ ಅದು 2.05 ಎಕರೆ. ನಿಜವಾದ ದಶಮಾಂಶವೇ ಆಗಿದ್ದರೆ ಎರಡು ಎಕರೆ ಎಂಟು ಗುಂಟೆ. ಒಂದೇ ಅಂಕಿ, ಮೂರು ಹೊಲ.

ಯಾವುದು ಯಾವುದು ಅಂತ ಹುಡುಕಲು ಒಂದು ಉಪಾಯ ಹೊಳೆಯಿತು. ಕಾಕಾ ನಕ್ಕಿದ್ದರಿಂದಲೇ ಹೊಳೆದದ್ದು. ಗುಂಟೆ ಯಾವತ್ತೂ 39 ದಾಟುವುದಿಲ್ಲ, 40 ಆದರೆ ಎಕರೆಗೆ ಸೇರುತ್ತದೆ. ಹಾಗಾದರೆ ಪ್ರತಿ ಶಾಖೆಯ ಡೇಟಾ ತೆಗೆದು, ಚುಕ್ಕಿಯ ಬಲಕ್ಕೆ ಎರಡು ಅಂಕಿ ಮಾಡಿಕೊಂಡು, 39ಕ್ಕಿಂತ ದೊಡ್ಡದು ಇದೆಯಾ ಅಂತ ನೋಡಿದರೆ ಸಾಕು. ಸಾವಿರಾರು ಸಾಲುಗಳಲ್ಲಿ ಒಂದೂ 39 ದಾಟಿಲ್ಲ ಅಂದ್ರೆ ಆ ಶಾಖೆಯವರು ಗುಂಟೆ ಬರೆಯುತ್ತಾರೆ. 50, 75 ಎಲ್ಲ ಧಾರಾಳವಾಗಿ ಇದ್ದರೆ ದಶಮಾಂಶ ಬರೆಯುತ್ತಾರೆ. ಮೂರು ಸಾಲಿನ ಎಸ್‌ಕ್ಯೂಎಲ್ ಪ್ರಶ್ನೆ. ಓಡಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

ಹೆಚ್ಚಿನ ಶಾಖೆಗಳು ಅಚ್ಚುಕಟ್ಟಾಗಿ ಗುಂಟೆಯ ಕಡೆ ಬಂದವು. ಕೆಲವು ದಶಮಾಂಶದ ಕಡೆ. ಒಂದು ಶಾಖೆ ಮಾತ್ರ ಎರಡೂ ಕಲಸಿಕೊಂಡು ಕೂತಿತ್ತು. ಅಲ್ಲಿಗೆ ಫೋನ್ ಮಾಡಿದೆ. ಆ ಕಡೆಯ ಹಿರಿಯ ಗುಮಾಸ್ತರು ಹೇಳಿದ್ದು ಹೀಗೆ: "ನಾವು ಮೊದ್ಲಿಂದ ಗುಂಟೇನ ಬರಿತೀವ್ರಿ ಸರ. ಹೊಸಾ ಹುಡುಗ ಬಂದಮ್ಯಾಲೆ ಪಾಯಿಂಟಿನಾಗ ಹಾಕಾಕತ್ತಾನ. ಹೇಳಬೇಕಂದ್ರ ಯಾರೂ ಕೇಳಿಲ್ಲಲ್ರಿ."

ಯಾರೂ ಕೇಳಿರಲಿಲ್ಲ. ಎಂಟು ತಿಂಗಳ ಮೀಟಿಂಗುಗಳ ಪಟ್ಟಿ ತೆಗೆದು ನೋಡಿದೆ. ಡೇಟಾ ನೋಡುವವರು ಪ್ರತಿ ಮೀಟಿಂಗಿನಲ್ಲೂ ಇದ್ದರು. ಡೇಟಾ ಬರೆಯುವವರು ಒಂದರಲ್ಲೂ ಇರಲಿಲ್ಲ.

ಅಳತೆಯ ಈ ಗೊಂದಲ ನಮ್ಮ ಹಳ್ಳಿಗಷ್ಟೇ ಸೀಮಿತ ಅಂದುಕೊಳ್ಳಬೇಡಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕೈತಪ್ಪಿದ್ದು ಇಂಥದ್ದೇ ಕಾರಣಕ್ಕೆ. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಬರೆದದ್ದನ್ನು ಇನ್ನೊಂದು ನ್ಯೂಟನ್ ಲೆಕ್ಕ ಅಂದುಕೊಂಡು ಓದಿತ್ತು. ಅಲ್ಲಿ ಹೋದದ್ದು ಒಂದು ನೌಕೆ. ಇಲ್ಲಿ, ಎರಡೂವರೆ ಎಕರೆಯ ರೈತನಿಗೆ 2.2 ಎಕರೆಯ ಸಾಲ ಕೊಟ್ಟರೆ, ಉಳಿದ ದುಡ್ಡಿಗೆ ಅವನು ಕೈಗಡ ಕೊಡುವವನ ಮನೆಗೆ ಹೋಗುತ್ತಾನೆ. ಬಡ್ಡಿ ಎಷ್ಟು ಅಂತ ನಮ್ಮ ಡ್ಯಾಶ್‌ಬೋರ್ಡಿಗೆ ಗೊತ್ತಾಗುವುದೇ ಇಲ್ಲ.

ಗುಲಬರ್ಗಾದಲ್ಲಿ ಎಡವಿ, ಭೂಮಿಯಲ್ಲಿ ಎದ್ದದ್ದು

ಈ ಪ್ರಾಜೆಕ್ಟ್ ಹೀಗೆ ನಿಂತ ಮೇಲೆ ನಾನು ಕುತೂಹಲಕ್ಕೆ ಓದಿದ್ದು ನಮ್ಮದೇ ರಾಜ್ಯದ ಭೂಮಿ ಯೋಜನೆಯ ಕತೆ. ನಿಮ್ಮ ಊರಿನ ಪಹಣಿಯನ್ನು ಮೊಬೈಲಿನಲ್ಲಿ ನೋಡುತ್ತೀರಲ್ಲ, ಅದರ ಬೇರು. ನಮ್ಮ ಕಡೆ ಹಳೆಯ ಮುಂಬೈ ಪ್ರಾಂತದ ಭಾಷೆಯಲ್ಲಿ ಪಹಣಿಗೆ ಇವತ್ತಿಗೂ ಉತಾರ ಅನ್ನುತ್ತಾರೆ, ಬರೆಯುವವರಿಗೆ ತಲಾಠಿ ಅನ್ನುತ್ತಾರೆ. ಕಂಪ್ಯೂಟರಿಗೆ ಅದು ಆರ್‌ಟಿಸಿ. ಒಂದೇ ಕಾಗದಕ್ಕೆ ಮೂರು ಹೆಸರು.

ಭೂಮಿ ಮೊದಲ ಯತ್ನ ಅಲ್ಲ. 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಭೂ ದಾಖಲೆ ಗಣಕೀಕರಣದ ಪ್ರಯೋಗ ನಡೆದಿತ್ತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೆ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಅದರಲ್ಲಿರಲಿಲ್ಲ. ಖರೀದಿ, ವಾಟ್ನಿ, ವಾರಸಾ ಎಲ್ಲ ದಾಖಲಾಗುವುದು ತಾಲ್ಲೂಕಿನಲ್ಲಿ, ಹಳ್ಳಿಯಲ್ಲಿ. ಜಿಲ್ಲೆಯಲ್ಲಿ ಕೂತು ಹಳೆಯ ಪುಸ್ತಕ ಟೈಪ್ ಮಾಡಿದರೆ, ಮುಗಿಯುವಷ್ಟರಲ್ಲಿ ಕೆಳಗೆ ಹೊಲಗಳು ಕೈ ಬದಲಾಗಿರುತ್ತವೆ. ಡೇಟಾ ಹುಟ್ಟುವ ಜಾಗ ಬಿಟ್ಟು ಡೇಟಾ ನೋಡುವ ಜಾಗಕ್ಕೆ ದುಡ್ಡು ಸುರಿದರೆ ಆಗುವುದೇ ಇಷ್ಟು. ನಮ್ಮ ಸಾಲದ ಸಂಸ್ಥೆಯೂ ಮಾಡಿದ್ದು ಅದನ್ನೇ. ಹೆಡ್ ಆಫೀಸಿನಲ್ಲಿ ಗೋಡೆಯಷ್ಟು ದೊಡ್ಡ ಪರದೆ, ಶಾಖೆಯಲ್ಲಿ ಕೀಬೋರ್ಡಿನ ಅರ್ಧ ಕೀಲಿ ಕೆಲಸ ಮಾಡದ ಹಳೆಯ ಯಂತ್ರ.

ಎರಡನೇ ಯತ್ನವೇ ಭೂಮಿ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ಸಾಫ್ಟ್‌ವೇರ್ ಇಟ್ಟುಕೊಂಡು, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಆಗ ಇದ್ದ ಎಲ್ಲ ತಾಲ್ಲೂಕುಗಳಲ್ಲೂ ಕಿಯೋಸ್ಕ್ ಬಂತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಈ ಸಂಖ್ಯೆಗಳು ಎಲ್ಲ ಕಡೆ ಸಿಗುತ್ತವೆ. ನನಗೆ ಹಿಡಿಸಿದ್ದು ಅವರು ಮಾಡಿದ ಕೆಲವು ಸಣ್ಣ ಕೆಲಸಗಳು.

ಟೈಪ್ ಆದ ದಾಖಲೆಯನ್ನು ಪ್ರಿಂಟ್ ತೆಗೆದು ಮತ್ತೆ ಗ್ರಾಮ ಲೆಕ್ಕಾಧಿಕಾರಿಗಳ ಕೈಗೇ ಕೊಟ್ಟರು. ಮೂಲ ಪುಸ್ತಕ ಬರೆದವರು ಅವರೇ ಅಲ್ಲವೇ? ಇಂಥವರು ರಾಜ್ಯದಲ್ಲಿ ಆಗ ಸುಮಾರು 9,000 ಜನ. ಪುಸ್ತಕದ ಜೊತೆ ತಾಳೆ ನೋಡಿ, ತಿದ್ದಿದ ಮೇಲೆಯೇ ಅದು ದಾಖಲೆ. ಯಾವ ಸಾಫ್ಟ್‌ವೇರ್ ಕಂಪನಿಯ ಪ್ಲಾನ್‌ನಲ್ಲೂ ಇಂಥ ಕೆಲಸಕ್ಕೆ ಬೇಕಾದಷ್ಟು ದಿನ ಇಟ್ಟಿದ್ದನ್ನು ನಾನು ನೋಡಿಲ್ಲ. "ಡೇಟಾ ವ್ಯಾಲಿಡೇಶನ್, 2 ವಾರ" ಅಂತ ಇರುತ್ತದೆ, ಅದೂ ಗೋ ಲೈವ್‌ಗೆ ಮುಂಚಿನ ಎರಡು ವಾರ.

ಇನ್ನೊಂದು, ಕೈಬರಹದ ಪಹಣಿಯನ್ನು ರದ್ದು ಮಾಡಿದರು. ಗಣಕ ಬಂದ ತಾಲ್ಲೂಕಿನಲ್ಲಿ ಕೈಯಲ್ಲಿ ಬರೆದುಕೊಟ್ಟ ಉತಾರಕ್ಕೆ ಬೆಲೆ ಇಲ್ಲ. ಇದು ಎಷ್ಟು ಕಷ್ಟದ ತೀರ್ಮಾನ ಅಂತ, ಹಳೆಯ ಎಕ್ಸೆಲ್ ಫೈಲನ್ನು ನಿಲ್ಲಿಸಲು ಒದ್ದಾಡಿದವರಿಗೆ ಗೊತ್ತು. ಎರಡು ಲೆಕ್ಕ ಒಟ್ಟಿಗೆ ನಡೆದರೆ ಜನ ತಮಗೆ ಅನುಕೂಲವಾದದ್ದನ್ನು ಹಿಡಿಯುತ್ತಾರೆ. ಆದರೆ ಗಮನಿಸಿ, ತಾಳೆ ನೋಡುವುದು ಮೊದಲು, ರದ್ದು ಮಾಡುವುದು ಆಮೇಲೆ. ಎಷ್ಟೋ ಆಫೀಸುಗಳಲ್ಲಿ ಇದು ತಿರುವುಮುರುವು.

ಮೂರನೆಯದು ನನಗೆ ಬಹಳ ಇಷ್ಟ. ಕಿಯೋಸ್ಕ್‌ನಲ್ಲಿ ಎರಡು ಪರದೆ. ಒಂದು ಆಪರೇಟರ್ ಕಡೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆ. ಒಳಗೆ ಏನು ಬರೆಯುತ್ತಿದ್ದಾರೆ ಅಂತ ಹೊಲದ ಮಾಲೀಕ ನೋಡುತ್ತಿರುತ್ತಾನೆ. ಅಪ್ಪನ ಹೆಸರು ತಪ್ಪಿದರೆ ಅಲ್ಲೇ ಕೂಗುತ್ತಾನೆ. ಡೇಟಾ ಸರಿ ಇದೆಯೋ ಇಲ್ಲವೋ ಅಂತ ಪರೀಕ್ಷಿಸಲು ಇದಕ್ಕಿಂತ ಅಗ್ಗದ ವ್ಯವಸ್ಥೆ ಇಲ್ಲ.

ಭೂಮಿ ಬಂದು ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಪುಸ್ತಕದಲ್ಲೇ ಇದ್ದ ತಪ್ಪು ಗಣಕಕ್ಕೂ ಹೋಯಿತು. ಪಹಣಿಯ 3ನೇ ಕಾಲಂನಲ್ಲಿ ಒಟ್ಟು ಕ್ಷೇತ್ರ, 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು ಇರುತ್ತದೆ. ಪಾಲುಗಳನ್ನೆಲ್ಲ ಕೂಡಿಸಿದರೆ ಒಟ್ಟು ಬರಬೇಕು. ಬರದೇ ಇದ್ದ ಪಹಣಿಗಳು ಎಷ್ಟು ಅಂದ್ರೆ, ಅವನ್ನು ತಿದ್ದಲು ಊರೂರಲ್ಲಿ ಕಂದಾಯ ಅದಾಲತ್ ನಡೆಸಬೇಕಾಯಿತು. ಆದರೆ ಇಲ್ಲೂ ಒಂದು ಪಾಠ ಇದೆ. 3 ಮತ್ತು 9 ತಾಳೆ ಆಗುತ್ತಿಲ್ಲ ಅಂತ ಕೋಟ್ಯಂತರ ದಾಖಲೆಗಳಲ್ಲಿ ಹುಡುಕಲು ಸಾಧ್ಯವಾದದ್ದು ಗಣಕ ಇದ್ದದ್ದರಿಂದ. ಮತ್ತು ತಿದ್ದಿದ್ದು ಮೂಲ ದಾಖಲೆಯಲ್ಲಿ. ನಮ್ಮಲ್ಲಿ ಹಾಗಲ್ಲ. ವೇರ್‌ಹೌಸ್‌ಗೆ ಬರುವ ದಾರಿಯಲ್ಲಿ "ಹೀಗಿದ್ದರೆ ಹಾಗೆ ಮಾಡು" ಅಂತ ತೇಪೆ ಹಾಕುತ್ತೇವೆ. ಮೂಲ ಹಾಗೇ ಉಳಿಯುತ್ತದೆ. ಎರಡು ವರ್ಷ ಕಳೆದರೆ ತೇಪೆಗಳೇ ಬಟ್ಟೆಗಿಂತ ಜಾಸ್ತಿ.

ಕಲಾದಗಿ ಜಿಲ್ಲೆ ಎಲ್ಲಿ ಹೋಯಿತು?

ಇತಿಹಾಸ ಇಡದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮೂರೇ ಉದಾಹರಣೆ. ಈಗ ಚಿಕ್ಕು, ದಾಳಿಂಬೆಗೆ ಹೆಸರಾದ ಕಲಾದಗಿ ಒಂದು ಕಾಲದಲ್ಲಿ ಜಿಲ್ಲಾ ಕೇಂದ್ರ ಅಂದ್ರೆ ಬೆಂಗಳೂರಿನ ಗೆಳೆಯರು ನಂಬುವುದಿಲ್ಲ. 1881ರ ಜನಗಣತಿಯಲ್ಲಿ ಬಿಜಾಪುರ ಕೂಡ ಕಲಾದಗಿ ಜಿಲ್ಲೆಯೊಳಗೇ ಇತ್ತು. ಕೆಲವೇ ವರ್ಷದಲ್ಲಿ ಕಚೇರಿ ಬಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಬದಲಾಯಿತು. 1956ರಲ್ಲಿ ರಾಜ್ಯ ಬದಲಾಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರ ವಿಜಯಪುರ ಆಯಿತು. ಇತ್ತೀಚೆಗೆ ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ ಒಡೆದು ಹೊಸ ತಾಲ್ಲೂಕುಗಳಾದವು. ಊರು ಇದ್ದಲ್ಲೇ ಇದೆ, ಅದರ ಮೇಲಿನ ಹೆಸರು ಮಾತ್ರ ಬದಲಾಗುತ್ತಿದೆ. ಆಲಮಟ್ಟಿ ಹಿನ್ನೀರಿನ ಕಡೆಯಾದರೆ ಊರೂ ಇದ್ದಲ್ಲಿಲ್ಲ, ಪುನರ್ವಸತಿ ಕೇಂದ್ರಕ್ಕೆ ಹೋಗಿದೆ.

1876-78ರ ಭೀಕರ ಬರಗಾಲದಲ್ಲಿ ಈ ಭಾಗದ ಜನಸಂಖ್ಯೆ ಎಷ್ಟು ಕುಸಿಯಿತು ಅಂತ ನೋಡಲು "ಬಾಗಲಕೋಟೆ" ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಸಿಗುವುದು ಕಲಾದಗಿ ಹೆಸರಿನಲ್ಲಿ. ಅಮೆರಿಕದ ರಾಲ್ಫ್ ಕಿಂಬಲ್ 1996ರ ತಮ್ಮ ಡೇಟಾ ವೇರ್‌ಹೌಸ್ ಪುಸ್ತಕದಿಂದ ಇಂಥ ಬದಲಾವಣೆಗೆ ಒಂದು ವಿಧಾನವನ್ನೇ ಜನಪ್ರಿಯ ಮಾಡಿದರು: ಹಳೆಯ ಸಾಲನ್ನು ಅಳಿಸಿ ಬರೆಯಬೇಡ, ಯಾವ ದಿನದಿಂದ ಯಾವ ದಿನದವರೆಗೆ ಆ ಹೆಸರು ಅಂತ ದಿನಾಂಕ ಹಾಕಿ ಹೊಸ ಸಾಲು ಸೇರಿಸು.

ನಮ್ಮ ಸಂಸ್ಥೆಯಲ್ಲಿ ಹಳೆಯದರ ಮೇಲೇ ಬರೆದಿದ್ದರು. ಇಳಕಲ್ ಬೇರೆ ತಾಲ್ಲೂಕು ಆದ ದಿನ, ಹಿಂದಿನ ಎಲ್ಲಾ ವರ್ಷದ ಸಾಲವೂ ರಾತ್ರೋರಾತ್ರಿ ಇಳಕಲ್‌ಗೆ ಹೋಯಿತು. ವರದಿಯಲ್ಲಿ ಹುನಗುಂದದ ಹಳೆಯ ವರ್ಷಗಳ ವ್ಯವಹಾರ ಕುಸಿದಂತೆ ಕಂಡಿತು. ಅಲ್ಲಿಯ ಮ್ಯಾನೇಜರ್‌ಗೆ "ಏನ್ರೀ ಇದು" ಅಂತ ಮೇಲಿನಿಂದ ಫೋನ್ ಬಂತು. ಪಾಪ, ಅವರು ಏನೂ ಮಾಡಿರಲಿಲ್ಲ.

ಎರಡನೇ ಸಲ

ಮೊದಲ ಪ್ರಾಜೆಕ್ಟ್ ಹದಿನಾಲ್ಕನೇ ತಿಂಗಳಿಗೆ ನಿಂತಿತು. ಆಮೇಲೆ ಅದೇ ಸಂಸ್ಥೆ ಸಣ್ಣದಾಗಿ ಮತ್ತೆ ಶುರು ಮಾಡಿತು. ಆ ತಂಡದಲ್ಲಿ ನಾವು ನಾಲ್ಕೇ ಜನ. ಈ ಸಲ "ಎಲ್ಲಾ ಡೇಟಾ" ಅನ್ನುವ ಮಾತೇ ಇಲ್ಲ. ಅದೇ ಮ್ಯಾನೇಜರ್‌ರನ್ನು ಕೇಳಿದೆವು: ಸೋಮವಾರ ಬೆಳಿಗ್ಗೆ ನೀವು ತೆಗೆದುಕೊಳ್ಳುವ ತೀರ್ಮಾನ ಯಾವುದು? ಅವರು ಹೇಳಿದರು, "ಈ ವಾರ ಯಾವ ಹಳ್ಳಿಗೆ ಸಿಬ್ಬಂದಿ ಕಳಿಸಬೇಕು, ಅಷ್ಟೇ." ಆ ಒಂದು ಪ್ರಶ್ನೆಗೆ ಬೇಕಾದ ಡೇಟಾ ಮಾತ್ರ ತಂದೆವು. ನಾಲ್ಕು ಮೂಲಗಳ ಬದಲು ಎರಡು. ಕ್ಷೇತ್ರದ ಕಾಲಂ ಒಡೆದು ಎಕರೆ ಒಂದು ಕಾಲಂ, ಗುಂಟೆ ಒಂದು ಕಾಲಂ ಮಾಡಿದೆವು. ಗುಂಟೆಯಲ್ಲಿ 40 ಅಂತ ಹೊಡೆದರೆ ಶಾಖೆಯ ಪರದೆಯೇ ಒಪ್ಪುವುದಿಲ್ಲ. ಈ ಬದಲಾವಣೆಗೆ ಶಾಖೆಯ ಸಾಫ್ಟ್‌ವೇರ್ ತಿದ್ದಬೇಕಿತ್ತು, ಅದಕ್ಕೆ ಒಪ್ಪಿಗೆ ತರಲು ಕೋಡ್ ಬರೆಯುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಆ ದಿನಗಳನ್ನು ಪ್ಲಾನ್‌ನಲ್ಲಿ ಮೊದಲೇ ಬರೆದಿಟ್ಟಿದ್ದೆವು.

ಪ್ರತಿ ತಿಂಗಳ ಮೊದಲ ವಾರ ಪ್ರತಿ ಶಾಖೆಗೆ ಒಂದು ಪುಟದ ಪ್ರಿಂಟ್ ಹೋಗುತ್ತದೆ, ನಮ್ಮ ಲೆಕ್ಕ ಹೀಗಿದೆ, ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ ಸಹಿ ಮಾಡಿ ಅಂತ. ಭೂಮಿಯವರಿಂದ ಕದ್ದ ಉಪಾಯ. ಮೊದಲ ಮೂರು ತಿಂಗಳು ಕೆಂಪು ಪೆನ್ನಿನಲ್ಲಿ ತುಂಬಿ ವಾಪಸ್ ಬರುತ್ತಿತ್ತು. ಆ ಕೆಂಪು ಗೆರೆಗಳಿಂದಲೇ ನಮ್ಮ ಕೆಲಸ ಕಲಿತೆವು. ಮೂರೂ ತಿಂಗಳು ತಾಳೆಯಾದ ಶಾಖೆಯಲ್ಲಿ ಮಾತ್ರ ಹಳೆಯ ಎಕ್ಸೆಲ್ ನಿಲ್ಲಿಸಿದೆವು.

ಈಗ ಹೊಸ ಒತ್ತಾಯ ಬಂದಿದೆ, ಇದರ ಮೇಲೆ ಎಐ ಚಾಟ್ ಕೂರಿಸಿ, ಮ್ಯಾನೇಜರ್ ಕನ್ನಡದಲ್ಲೇ ಪ್ರಶ್ನೆ ಕೇಳಲಿ ಅಂತ. ನನಗೇನೂ ತಕರಾರಿಲ್ಲ. ಆದರೆ 2.2 ಅಂದ್ರೆ ಏನು ಅಂತ ಬರೆದಿಡದ ಟೇಬಲ್ ಮೇಲೆ ಎಐ ಕೂರಿಸಿದರೆ, ಅದು ತಪ್ಪು ಉತ್ತರವನ್ನೇ ಬಹಳ ಚೆಂದದ ಕನ್ನಡದಲ್ಲಿ ಹೇಳುತ್ತದೆ.

ಬರೆದಿಡುವುದಕ್ಕೆ ನಾವು ಬಳಸುವುದು ಒಂದು ಸಾಮಾನ್ಯ ಹಂಚಿಕೊಂಡ ಫೈಲು. ಒಂದೊಂದು ಪದಕ್ಕೆ ಒಂದೊಂದು ಸಾಲು: ಪದ, ಅರ್ಥ, ಯಾರು ತೀರ್ಮಾನ ಮಾಡಿದ್ದು, ಯಾವ ದಿನ, ಅವರ ಫೋನ್ ನಂಬರ್. ರೈತ, ಕುಟುಂಬ, ಕ್ಷೇತ್ರ, ಬೆಳೆ, ಬಾಕಿ. ಬೆಳೆಯ ಸಾಲಿಗೆ ಬಹಳ ಜಗಳ ಆಯಿತು. ಪಹಣಿಯ 12ನೇ ಕಾಲಂ ಹಿಡಿಯುವುದೋ, ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನದ್ದೋ? 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಫೋಟೊ ತೆಗೆದು ಬೆಳೆ ದಾಖಲಿಸಬಹುದು. ವಿಮೆಗೆ ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವ ಬೆಳೆ ಇನ್ನೊಂದು ಆದರೆ ವಿಮೆ ಅರ್ಜಿಯೇ ತಿರಸ್ಕೃತವಾಗುತ್ತದೆ. ಹಾಗಾಗಿ ಕಾಕಾ ಕೂಡ ಈಗ ದಾಳಿಂಬೆ ಗಿಡದ ಫೋಟೊ ತಾನೇ ತೆಗೆಯುತ್ತಾನೆ. ಕೊನೆಗೆ ಹಿಡಿದದ್ದು ಸಮೀಕ್ಷೆಯದ್ದನ್ನು.

ಒಂದು ಸಾಲು ಮಾತ್ರ ಇನ್ನೂ ಖಾಲಿ ಇದೆ. ಅಜ್ಜ ತೀರಿಕೊಂಡು ವರ್ಷಗಳಾಗಿವೆ, ಪೌತಿ ಖಾತೆ ಆಗಿಲ್ಲ, ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ. ಉಳುವವರು ಮೂವರು ಮೊಮ್ಮಕ್ಕಳು, ಸಾಲ ಕೇಳಿ ಬರುವವನು ಒಬ್ಬ. ಈ ಹೊಲದ ರೈತ ಯಾರು? ಕಾನೂನು ವಿಭಾಗದವರು ಒಂದು ಹೇಳುತ್ತಾರೆ, ಶಾಖೆಯವರು ಇನ್ನೊಂದು. ಮುಂದಿನ ಗುರುವಾರ ಎರಡೂ ಕಡೆಯವರನ್ನು ಒಂದೇ ಟೇಬಲ್‌ಗೆ ಕರೆದಿದ್ದೇವೆ. ಆ ಹಿರಿಯ ಗುಮಾಸ್ತರೂ ಬರುತ್ತಿದ್ದಾರೆ.